ಅವ್ವನ ಕೋಣೆಯ ಕ್ಯಾಮೆರಾ: ವೃದ್ಧಾಶ್ರಮಕ್ಕೆ ಸೇರಿಸುವ ಮುನ್ನ ಇದನ್ನು ಓದಿರಿ

ವಿಜಯಪುರದ ಹೊರವಲಯದ ಒಂದು ವೃದ್ಧಾಶ್ರಮದಲ್ಲಿ ತಿಂಗಳಿಗೆ 18,000 ರೂಪಾಯಿ ಕೊಟ್ಟು ಅವ್ವನನ್ನು ಬಿಟ್ಟಿದ್ದೆ. ಸೇರಿಸಿದ ದಿನವೇ ಅಲ್ಲಿನ ವ್ಯವಸ್ಥಾಪಕರು ನನ್ನ ಮೊಬೈಲಿಗೆ ಒಂದು ಆ್ಯಪ್ ಹಾಕಿಕೊಟ್ಟು, ‘ಮನ್ಯಾಗ ಕುಂತು ತಾಯಿನ್ನ ನೋಡಬಹುದ್ರಿ’ ಎಂದಾಗ ನನಗೆ ಸಮಾಧಾನವೇ ಆಗಿತ್ತು. ಹೇಳಲು ನಾಚಿಕೆಯಾಗುತ್ತದೆ, ಎರಡು ತಿಂಗಳು ಅದನ್ನು ಬೀಗರಿಗೂ ನೆಂಟರಿಗೂ ತೋರಿಸಿ ಹೆಮ್ಮೆಪಟ್ಟೆ.

ಒಂದು ರಾತ್ರಿ ಅವ್ವ ಮಲಗಿದ್ದಾಳೋ ಇಲ್ಲವೋ ಎಂದು ಆ್ಯಪ್ ತೆರೆದರೆ, ಪಕ್ಕದ ಮಂಚದ ಅಜ್ಜಿಯ ಬಟ್ಟೆಯನ್ನು ಆಯಾ ಬದಲಿಸುತ್ತಿದ್ದಳು. ನಡುವೆ ಒಂದು ಪರದೆಯೂ ಇರಲಿಲ್ಲ. ಫೋನನ್ನು ಕವುಚಿ ಹಾಕಿದೆ. ಆಮೇಲೆ ಹೊಳೆಯಿತು: ಆ ಕೋಣೆಯಲ್ಲಿ ನಾಲ್ಕು ಮಂಚ, ನಾಲ್ಕು ಮನೆಗೂ ಒಂದೇ ಪಾಸ್‌ವರ್ಡ್. ನಾನು ಆ ಅಜ್ಜಿಯನ್ನು ಕಂಡಂತೆ ಅವರ ಮಕ್ಕಳು, ಅಳಿಯಂದಿರು ನನ್ನ ಅವ್ವನನ್ನು ಎಷ್ಟು ಸಲ ಕಂಡಿದ್ದಾರೋ! ತಲೆಯ ಮೇಲಿನ ಸೆರಗು ಜಾರಗೊಡದೆ ಬಾಳಿದ ಹೆಂಗಸು ಅವಳು. ಅಲ್ಲಿ ಎಲ್ಲರಿಗೂ ನೈಟಿ. ಗಂಡಸರು ಕೋಣೆಗೆ ಬಂದಾಗಲೆಲ್ಲ ಅವಳ ಬಲಗೈ ತಲೆಯ ಹಿಂದೆ ಹೋಗಿ, ಇಲ್ಲದ ಸೆರಗನ್ನು ತಡಕಾಡಿ ಕೆಳಗಿಳಿಯುತ್ತಿತ್ತು. ಎರಡು ತಿಂಗಳು ಅದನ್ನು ನೋಡಿಯೂ ನಾನು ತಲೆ ತುರಿಸಿಕೊಳ್ಳುತ್ತಿದ್ದಾಳೆ ಎಂದುಕೊಂಡಿದ್ದೆ.

ಮರುದಿನ ಹೋಗಿ ಕೇಳಿದಾಗ ಸಿಕ್ಕ ಮೊದಲ ಉತ್ತರ, ‘ಕ್ಯಾಮೆರಾ ನೋಡಿ ನೀವ ಖುಷಿ ಆಗಿದ್ರಲ್ರೀ.’ ಎರಡನೆಯದು, ‘ಫಾರ್ಮಿಗೆ ಸಹಿ ಮಾಡೀರಿ.’ ಸಹಿ ಮಾಡಿದ್ದು ನಿಜ, ಆದರೆ ಅದು ನನ್ನ ಸಹಿ. ಅವ್ವನನ್ನು ಅವರು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮೂರನೆಯದು ಇನ್ನೂ ಕಿವಿಯಲ್ಲಿದೆ: ‘ಮುದುಕ್ಯಾರದ ಏನೈತ್ರಿ ನೋಡೂದು?’ ಏನೈತ್ರಿ ನೋಡೂದು!

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಆ ಪ್ರಕರಣವನ್ನು ಹೂಡಿದವರು, ವಯಸ್ಸು 80 ದಾಟಿದ್ದ ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂದು ಅಲ್ಲೇ ಹೇಳಬೇಕಿತ್ತು; ಆಗ ನನಗೂ ಗೊತ್ತಿರಲಿಲ್ಲ. ಒಪ್ಪಿಗೆಯಿಲ್ಲದೆ ಯಾರದೇ ಗುಪ್ತಾಂಗಗಳ ಚಿತ್ರ ತೆಗೆದರೆ ಅಥವಾ ಹಂಚಿದರೆ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಇ ಕಲಮಿನಡಿ 3 ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ಆ ಕಾಯ್ದೆಯಲ್ಲಿ ವಯಸ್ಸಿನ ವಿನಾಯಿತಿ ಇಲ್ಲ.

ಕ್ಯಾಮೆರಾ ಎಲ್ಲಿದೆ, ಯಾರ್ಯಾರು ನೋಡುತ್ತಾರೆ ಎಂದು ಬರಹದಲ್ಲಿ ಕೇಳಿರಿ. ಕೊಡದಿದ್ದರೆ ಮುಂಗಡ ಕಟ್ಟಬೇಡಿರಿ. ನನ್ನ 30,000 ಇನ್ನೂ ಬಂದಿಲ್ಲ. ಹಿರಿಯ ನಾಗರಿಕರ ಸಹಾಯವಾಣಿ 14567.

ಅವ್ವನನ್ನು ಮನೆಗೆ ಕರೆತಂದ ಹತ್ತು ದಿನಕ್ಕೆ, ಅಳಿಸುವ ಮೊದಲೊಮ್ಮೆ ಆ್ಯಪ್ ಒತ್ತಿದರೆ ಹಳೆಯ ಪಾಸ್‌ವರ್ಡಿಗೇ ಆ ಕೋಣೆ ತೆರೆದುಕೊಂಡಿತು. ಅವ್ವನ ಮಂಚದ ಮೇಲೆ ಬೇರೊಬ್ಬ ತಾಯಿ ಮಲಗಿದ್ದರು.