‘ಎಲ್ಲಾ ಸಾಟಾನೂ ಒಂದೇ ಸರ್’ ಅಂದರೆ ಜೇಬಿಗೆ ಕೈ ಹಾಕಬೇಡಿ

ಗುಬ್ಬಿಯಲ್ಲಿ ಪತ್ರ ಬರೆಯುವ ಕೆಲಸ ನನ್ನದು. ಕ್ರಯಪತ್ರ, ವಿಭಾಗಪತ್ರ, ದಾನಪತ್ರ, ಎಲ್ಲದರ ನಮೂನೆಯನ್ನೂ ಒಂದು ಹಳೇ ಥಿಂಕ್‌ಪ್ಯಾಡ್ ಎಕ್ಸ್220ರಲ್ಲಿ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದೇನೆ. 2011ರ ಮಾಡೆಲ್. ಯಾವುದೋ ಆಫೀಸಿನವರು ಬಳಸಿ ಬಿಟ್ಟಿದ್ದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಅದರ ಕೀಬೋರ್ಡಿಗೆ ಕೈ ಎಷ್ಟು ಒಗ್ಗಿದೆ ಅಂದರೆ ಬೇರೆ ಲ್ಯಾಪ್‌ಟಾಪ್ ಮುಟ್ಟೋಕೆ ಮನಸ್ಸಾಗಲ್ಲ.

ಒಂದು ದಿನ ಅದರ ಹಾರ್ಡ್ ಡಿಸ್ಕ್ ಟಕ್, ಟಕ್ ಅಂತ ಸದ್ದು ಮಾಡೋಕೆ ಶುರು ಮಾಡಿತು. ಫೈಲ್ ತೆರೆಯೋಕೆ ಎರಡೆರಡು ನಿಮಿಷ. ಮಾರನೇ ದಿನವೇ ತುಮಕೂರಿನ ಬಸ್ ಹತ್ತಿದೆ. ಎಂ.ಜಿ. ರಸ್ತೆಯ ಕಡೆ ಓಡಾಡಿ ಒಂದು ಅಂಗಡಿ ಹೊಕ್ಕೆ. ಹೆಸರು ಬೇಡ ಬಿಡಿ.

‘500 ಜಿಬಿ ಇದೆ ಸರ್, ಹೊಸದು, 1,800 ಕೊಡಿ’ ಅಂದ ಹುಡುಗ. ನನ್ನ ಲ್ಯಾಪ್‌ಟಾಪ್‌ಗೆ ಇದು ಹೊಂದುತ್ತಾ ಅಂತ ಕೇಳಿದೆ. ಅವನು ನಕ್ಕ. ‘ಎಲ್ಲಾ ಸಾಟಾನೂ ಒಂದೇ ಸರ್.’

ಈ ಮಾತು ಅರ್ಧ ನಿಜ. ಮೋಸ ಆಗೋದೇ ಅಲ್ಲಿ. ಸಾಟಾ ಅಂದರೆ ಡಿಸ್ಕನ್ನು ಕಂಪ್ಯೂಟರಿಗೆ ಜೋಡಿಸೋ ಕಿಂಡಿಯ ಬಗೆ. ಅದರಲ್ಲಿ ಸೆಕೆಂಡಿಗೆ 1.5, 3, 6 ಗಿಗಾಬಿಟ್ ಅಂತ ಮೂರು ವೇಗ ಇವೆ. ಹೊಸ 6 ಗಿಗಾಬಿಟ್ ಡಿಸ್ಕನ್ನು ಹಳೇ 3 ಗಿಗಾಬಿಟ್ ಲ್ಯಾಪ್‌ಟಾಪ್‌ಗೆ ಹಾಕಿದರೂ ನಡೆಯುತ್ತೆ, ವೇಗ ಮಾತ್ರ ಹಳೇದು. ಪಿನ್ನೂ ಅದೇ. ಆದರೆ ದಪ್ಪ? ಎರಡೂವರೆ ಇಂಚಿನ ಡಿಸ್ಕ್ ಅನ್ನೋ ಹೆಸರು ದಪ್ಪ ಎಷ್ಟು ಅಂತ ಹೇಳಲ್ಲ. ದಪ್ಪದಲ್ಲಿ 7 ಮಿಲಿಮೀಟರ್ ಇದೆ, 9.5 ಇದೆ, 12.5 ಇದೆ, 15 ಕೂಡ ಇದೆ. ಎಕ್ಸ್220ಗೆ ಬೇಕಾಗಿದ್ದು 7. ಅವನು ಕೊಟ್ಟಿದ್ದು 9.5. ಅವತ್ತು ಇದೊಂದೂ ನನಗೆ ಗೊತ್ತಿರಲಿಲ್ಲ.

ಈ ಲ್ಯಾಪ್‌ಟಾಪ್‌ನಲ್ಲಿ ಡಿಸ್ಕ್ ಪಕ್ಕದಿಂದ ಒಳಗೆ ಜಾರುತ್ತೆ. ಒಂದು ಸ್ಕ್ರೂ, ಒಂದು ಚಿಕ್ಕ ಮುಚ್ಚಳ. ಡಿಸ್ಕಿನ ಎರಡೂ ಬದಿಗೆ ಕಪ್ಪು ರಬ್ಬರ್ ಪಟ್ಟಿ ಇರುತ್ತೆ, ಅಲುಗಾಟ ತಡೆಯೋಕೆ. ಹುಡುಗ ನೂಕಿದ, ಹೋಗಲಿಲ್ಲ. ರಬ್ಬರ್ ಪಟ್ಟಿ ಕಿತ್ತು ಬದಿಗಿಟ್ಟ, ಮತ್ತೆ ನೂಕಿದ, ಆಗಲೂ ಹೋಗಲಿಲ್ಲ. ಆಮೇಲೆ ಡ್ರಾಯರಿನಿಂದ ಪೇಪರ್ ಕಟರ್ ತೆಗೆದು ನನ್ನ ಕಣ್ಣೆದುರೇ ಗೂಡಿನ ಅಂಚನ್ನು ಕೆತ್ತಿದ. ಪ್ಲಾಸ್ಟಿಕ್ ಚೂರುಗಳು ತೆಂಗಿನಕಾಯಿ ತುರಿ ಹಾಗೆ ಟೇಬಲ್ ಮೇಲೆ ಉದುರಿದವು. ನಾನು ಸುಮ್ನೆ ನೋಡುತ್ತಾ ನಿಂತಿದ್ದೆ. ಯಾಕೆ ಸುಮ್ಮನಿದ್ದೆ ಅಂತ ಈಗಲೂ ಹೆಂಡತಿ ಕೇಳುತ್ತಾಳೆ. ಕೆಲಸ ಗೊತ್ತಿರೋನು ಅಂದುಕೊಂಡೆ, ಇನ್ನೇನು ಹೇಳಲಿ.

ಕೊನೆಗೂ ಹೊಕ್ಕಿತು. ಮುಚ್ಚಳ ಸ್ವಲ್ಪ ಉಬ್ಬಿತ್ತು. ವಿಂಡೋಸ್ ಹಾಕಿ, ಹಳೇ ಡಿಸ್ಕಿನಿಂದ ಬಂದಷ್ಟು ಫೈಲ್ ಇಳಿಸಿ ಕೊಟ್ಟ. ಬಿಲ್ ಕೇಳಿದೆ. ‘ಬಿಲ್ ಬೇಕಾದ್ರೆ ಜಿಎಸ್‌ಟಿ ಜಾಸ್ತಿ ಆಗುತ್ತೆ ಸರ್, ಮೂರು ತಿಂಗಳು ಗ್ಯಾರಂಟಿ ಇದೆಯಲ್ಲ’ ಅಂತ ಡಿಸ್ಕಿನ ಮೇಲೆ ಅಂಟಿಸಿದ್ದ ಅಂಗಡಿಯ ಸ್ಟಿಕರ್ ಬಗ್ಗೆ ಹೇಳಿದ. ಹಳೇ ಡಿಸ್ಕ್ ಅಲ್ಲೇ ಬಿಟ್ಟರೆ 200 ರೂಪಾಯಿ ಕಡಿಮೆ ಮಾಡ್ತೀನಿ ಅಂತಲೂ ಅಂದ. ಪುಣ್ಯಕ್ಕೆ ಬಿಡಲಿಲ್ಲ. ಅದರಲ್ಲಿ ಪಾರ್ಟಿಗಳ ಆಧಾರ್, ಪ್ಯಾನ್ ಸ್ಕ್ಯಾನ್ ಎಲ್ಲಾ ಇತ್ತು.

ಮೂರು ವಾರ ಚೆನ್ನಾಗಿ ನಡೆಯಿತು. ಒಂದು ಸೋಮವಾರ ಬೆಳಗ್ಗೆ ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣಕ್ಕೆ ಅಪ್‌ಲೋಡ್ ಮಾಡಬೇಕಿದ್ದ ವಿಭಾಗಪತ್ರದ ಕರಡು ತೆರೆಯೋಣ ಅಂತ ಸ್ವಿಚ್ ಒತ್ತಿದರೆ ಕಪ್ಪು ಪರದೆ. ಆಪರೇಟಿಂಗ್ ಸಿಸ್ಟಮ್ಮೇ ಇಲ್ಲ ಅನ್ನೋ ಸಂದೇಶ. ಪಕ್ಕದಲ್ಲಿ ನಾಲ್ಕು ಜನ ಅಣ್ಣತಮ್ಮಂದಿರು ಕೂತಿದ್ದಾರೆ. ಹಂಚಿಕೆಗೆ ಅವರು ಒಪ್ಪೋದಕ್ಕೇ ಎರಡು ವರ್ಷ ಆಗಿತ್ತು.

ಅಕ್ಕನ ಮಗ ತುಮಕೂರಲ್ಲಿ ಇಂಜಿನಿಯರಿಂಗ್ ಓದುತ್ತಾನೆ. ಅವನು ಬಂದು ಡಿಸ್ಕ್ ಹೊರಗೆಳೆದು, ತನ್ನ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನೋ ಪುಕ್ಕಟೆ ಸಾಫ್ಟ್‌ವೇರ್ ತೆರೆದ. ‘ಮಾಮ, ಇದು ಹೊಸದು ಅಂತ ಯಾರು ಹೇಳಿದ್ದು?’ ಪವರ್ ಆನ್ ಅವರ್ಸ್, ಅಂದರೆ ಡಿಸ್ಕ್ ಒಟ್ಟು ಓಡಿದ ಗಂಟೆ, ಅನ್ನೋ ಕಡೆ 31,000ಕ್ಕೂ ಜಾಸ್ತಿ ಇತ್ತು. 24ರಿಂದ ಭಾಗಿಸಿ ನೋಡಿ. ಹಗಲು ರಾತ್ರಿ ನಿಲ್ಲದೆ ಮೂರೂವರೆ ವರ್ಷ ತಿರುಗಿದ ಡಿಸ್ಕ್ ಅದು. ಕೆಟ್ಟ ಸೆಕ್ಟರ್‌ಗಳ ಸಾಲಿನಲ್ಲಿ ಎಚ್ಚರಿಕೆಯ ಹಳದಿ ಬಣ್ಣ. ಅಂಗಡಿಯ ಸ್ಟಿಕರನ್ನು ಉಗುರಿನಿಂದ ಎಬ್ಬಿಸಿದ. ಅದರ ಕೆಳಗೇ ಕಂಪನಿ ಅಚ್ಚು ಹಾಕಿದ್ದ ತಾರೀಖು ಇತ್ತು. 2012. ಗ್ಯಾರಂಟಿ ಸ್ಟಿಕರನ್ನು ಸರಿಯಾಗಿ ಆ ಜಾಗಕ್ಕೇ ಅಂಟಿಸಿದ್ದರು!

ಹಳೇದಾಗಿ ಹೋಯಿತೋ, ರಬ್ಬರ್ ಇಲ್ಲದೆ ಬಿಗಿಯಾಗಿ ಸಿಕ್ಕಿಕೊಂಡು ಬಸ್ಸಿನ ಕುಲುಕಾಟಕ್ಕೆ ಹೋಯಿತೋ, ನನಗೆ ಎರಡರ ಮೇಲೂ ಅನುಮಾನ. ಅಂಗಡಿಗೆ ಹೋದರೆ ಸಿಕ್ಕ ಉತ್ತರ: ‘ಸ್ಟಿಕರ್ ಕಿತ್ತಿದ್ದೀರಲ್ಲ ಸರ್, ಗ್ಯಾರಂಟಿ ಬರಲ್ಲ.’ ಗ್ರಾಹಕರ ಸಹಾಯವಾಣಿ 1915 ಇದೆ, ಮಾಡೋಣ ಅಂದುಕೊಂಡೆ. ತೋರಿಸೋಕೆ ಬಿಲ್ಲೇ ಇಲ್ಲ. ದಿನಾ ಊರವರಿಗೆಲ್ಲ ‘ಕಾಗದ ಇಲ್ಲದೆ ವ್ಯವಹಾರ ಮಾಡಬೇಡಿ’ ಅಂತ ಹೇಳೋನು ನಾನು.

ಮನೆಗೆ ತಂದಿದ್ದ ಹಳೇ ಡಿಸ್ಕೇ ಕೈ ಹಿಡಿಯಿತು. ಅದನ್ನು ಮತ್ತೆ ಮತ್ತೆ ಆನ್ ಮಾಡಿ ನೋಡಬೇಡ ಅಂತ ಅಕ್ಕನ ಮಗ ಬೈದ. ಪೆನ್ ಡ್ರೈವ್‌ನಿಂದ ಲಿನಕ್ಸ್ ತೆರೆದು ಕೆಟ್ಟ ಡಿಸ್ಕಿನಿಂದ ಮಾಹಿತಿ ಎತ್ತೋ ಡಿಡಿರೆಸ್ಕ್ಯೂ ಅನ್ನೋ ಪ್ರೋಗ್ರಾಂ ಓಡಿಸಿದ. ಅದು ಮೊದಲು ಚೆನ್ನಾಗಿರೋ ಭಾಗವನ್ನೆಲ್ಲ ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಆಮೇಲೆ ಕೈ ಹಾಕುತ್ತೆ. ಎರಡು ರಾತ್ರಿ ಓಡಿತು. ಅವನ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕ್ರಯಪತ್ರ ಪೂರ್ತಿ ಏನೇನೋ ಇಂಗ್ಲಿಷ್ ಅಕ್ಷರ. ನನ್ನ ಎದೆ ಧಸಕ್ ಅಂದಿತು. ನುಡಿ ಫಾಂಟ್ ಹಾಕಿದ ಮೇಲೆ ಕನ್ನಡ ಬಂತು. ನಮೂನೆಗಳು ಬಹುಪಾಲು ಉಳಿದವು. ಹೊಸ ಡಿಸ್ಕಿಗೆ ಬರೆದಿದ್ದ ಮೂರು ವಾರದ ಕೆಲಸ ಮಾತ್ರ ಹೋಯಿತು. ಆ ವಿಭಾಗಪತ್ರವನ್ನು ನೆನಪಿನಿಂದ, ಅಣ್ಣತಮ್ಮಂದಿರ ಜಗಳದ ನಡುವೆ ಮತ್ತೆ ಬರೆದೆ.

ನೀವೂ ಹಳೇ ಲ್ಯಾಪ್‌ಟಾಪ್‌ಗೆ ಡಿಸ್ಕ್ ತರೋಕೆ ಹೊರಟಿದ್ದರೆ ಮೊದಲು ಹಳೇದನ್ನು ಬಿಚ್ಚಿ, ಮಕ್ಕಳ ಕಂಪಾಸ್ ಬಾಕ್ಸಿನ ಸ್ಕೇಲ್ ಇಟ್ಟು ದಪ್ಪ ಅಳೆಯಿರಿ. ತೆಳ್ಳಗಿನದು ದಪ್ಪ ಗೂಡಿಗೆ ಹೋಗುತ್ತೆ, ಎರಡೂವರೆ ಮಿಲಿಮೀಟರಿನ ಪ್ಲಾಸ್ಟಿಕ್ ಚೌಕಟ್ಟು ಇಟ್ಟರೆ ಭದ್ರವಾಗಿ ಕೂರುತ್ತೆ. ದಪ್ಪದ್ದು ತೆಳ್ಳಗಿನ ಗೂಡಿನಲ್ಲಿ ಸರಿಯಾಗಿ ಕೂರಲ್ಲ, ಕಟರ್ ಇದ್ದರೂ ಅಷ್ಟೇ. ಸಾಟಾಕ್ಕಿಂತ ಹಿಂದಿನ ಲ್ಯಾಪ್‌ಟಾಪ್ ಆದರೆ ಎರಡು ಸಾಲು ಸೂಜಿಯಂಥ ಪಿನ್ ಇರುತ್ತೆ, ಅದು ಐಡಿಇ, ಅದರ ಕಥೆಯೇ ಬೇರೆ. ಮನೆಯಲ್ಲಿರೋ ಎಕ್ಸ್‌ಟರ್ನಲ್ ಡಿಸ್ಕ್ ಒಡೆದು ಹಾಕೋಣ ಅನ್ನೋ ಯೋಚನೆ ನನಗೂ ಬಂದಿತ್ತು. ಕೆಲವದರಲ್ಲಿ ಯುಎಸ್‌ಬಿ ಕಿಂಡಿಯನ್ನೇ ಡಿಸ್ಕಿನ ಬೋರ್ಡಿಗೆ ಬೆಸೆದಿರುತ್ತಾರೆ, ಒಳಗೆ ಸಾಟಾ ಪಿನ್ನೇ ಇರಲ್ಲ. ಇನ್ನು ತಿರುಗೋ ತಟ್ಟೆ ಬದಲು ಚಿಪ್ ಇರೋ, ಕಡ್ಡಿಯಂಥ ಎಂ.2 ಎಸ್‌ಎಸ್‌ಡಿ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಇಂಥ ಲ್ಯಾಪ್‌ಟಾಪ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ.

ದುಡ್ಡು ಕೊಡೋ ಮೊದಲು ಅಂಗಡಿಯಲ್ಲೇ ಸಿಕ್ಕಿಸಿ ಪವರ್ ಆನ್ ಅವರ್ಸ್ ತೋರಿಸಿ ಅನ್ನಿ. ಐದು ನಿಮಿಷದ ಕೆಲಸ. ತೋರಿಸಲ್ಲ ಅಂದರೆ ಎದ್ದು ಬನ್ನಿ. ಆ ಲೆಕ್ಕವನ್ನೂ ಸೊನ್ನೆ ಮಾಡೋ ಕಿಲಾಡಿಗಳಿದ್ದಾರಂತೆ. ಅದಕ್ಕೇ ಡಿಸ್ಕಿನ ಮೇಲಿನ ತಾರೀಖನ್ನೂ ಓದಿ, ಸೀರಿಯಲ್ ನಂಬರ್ ಬರೆದ ಬಿಲ್ ತಗೊಳ್ಳಿ.

ನಾನು ಈಗ 7 ಮಿಲಿಮೀಟರಿನ ಸಾಟಾ ಎಸ್‌ಎಸ್‌ಡಿ ಹಾಕಿಸಿದ್ದೇನೆ. ಸೀಲ್ ಆದ ಡಬ್ಬಿ, ಬಿಲ್ ಸಮೇತ. ರಬ್ಬರ್ ಪಟ್ಟಿ ಆ ಅಂಗಡಿಯಲ್ಲೇ ಉಳಿಯಿತು, ಅಕ್ಕನ ಮಗ ಎಲ್ಲಿಂದಲೋ ಒಂದು ಜೊತೆ ತಂದು ಕೊಟ್ಟ. ಕೆತ್ತಿದ ಅಂಚಿಗೆ ಮುಚ್ಚಳ ನಿಲ್ಲಲ್ಲ, ವೈರಿಗೆ ಸುತ್ತೋ ಕಪ್ಪು ಟೇಪ್ ಅಂಟಿಸಿದ್ದೇನೆ. ಮೊನ್ನೆ ಒಬ್ಬರು ಪಾರ್ಟಿ ಕೇಳಿದರು: ‘ಏನ್ ಸ್ವಾಮಿ, ಕಂಪ್ಯೂಟರ್‌ಗೂ ಬ್ಯಾಂಡೇಜು?’