ಮನೆಯೂಟಕ್ಕೆ ಆರು ಬಾಟಲಿ: ಇಟಲಿಯ ಮೂರು, ಫ್ರಾನ್ಸಿನ ಮೂರು

ಊಟದ ಜೊತೆ ಕುಡಿಯುವ ವೈನಿನಲ್ಲಿ ಮೊದಲು ನೋಡಬೇಕಾದದ್ದು ಹುಳಿ. ಊರು, ವರ್ಷ, ಪೀಪಾಯಿ, ಪದಕ ಎಲ್ಲ ಆಮೇಲೆ. ಹುಳಿ ಇದ್ದರೆ ಬಾಯಲ್ಲಿ ನೀರೂರುತ್ತದೆ, ಎಣ್ಣೆ-ಬೆಣ್ಣೆಯ ಜಿಡ್ಡು ಬಿಡುತ್ತದೆ, ಮುಂದಿನ ತುತ್ತು ರುಚಿಸುತ್ತದೆ. ಹುಳಿ ಕಡಿಮೆಯಿದ್ದು ಆಲ್ಕೋಹಾಲ್ ಮತ್ತು ಓಕ್ (ಮರದ ಪೀಪಾಯಿ) ವಾಸನೆ ಜಾಸ್ತಿಯಿರುವ ವೈನ್ ಬರಿದೇ ಕುಡಿದಾಗ ಚೆನ್ನಾಗಿಯೇ ಇರುತ್ತದೆ. ಅದೇ ವೈನನ್ನು ಟೊಮ್ಯಾಟೊ ಸಾಸಿನ ಜೊತೆ ಕುಡಿದು ನೋಡಿ, ಸಪ್ಪೆ ಎನಿಸುತ್ತದೆ. ಕೆಳಗಿನ ಆರನ್ನೂ ಈ ಒಂದೇ ಅಳತೆಗೋಲಿನಿಂದ ಆರಿಸಿದ್ದು. ತಲೆಬರಹದಲ್ಲಿ ಮೊದಲು ತಯಾರಕರ ಹೆಸರು, ಆಮೇಲೆ ವೈನಿನದು.

ಪಟ್ಟಿಯಲ್ಲಿ ಇಟಲಿಯ ಹೆಸರಾಂತ ಕೆಂಪು ವೈನ್ ಬರೋಲೊ ಇಲ್ಲ, ಫ್ರಾನ್ಸಿನ ಬೋರ್ದೊ ಕೂಡ ಇಲ್ಲ. ಕಾನೂನಿನ ಪ್ರಕಾರ ಬರೋಲೊ ಕನಿಷ್ಠ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಅಂಗಡಿಗೆ ಬಂದ ಮೇಲೂ ಅದರ ಒಗರು ಇಳಿಯಲು ವರ್ಷಗಳು ಬೇಕು. ಬುಧವಾರದ ರಾತ್ರಿ ಪಾಸ್ತಾಗೆ ಅದನ್ನು ತೆರೆದರೆ ದುಡ್ಡು ದಂಡ. ಅದೇ ನೆಬಿಯೋಲೊ ದ್ರಾಕ್ಷಿಯ ಲಾಂಗೆ ನೆಬಿಯೋಲೊ ಕಡಿಮೆ ಬೆಲೆಗೆ ಸಿಗುತ್ತದೆ, ಬೇಗ ಕುಡಿಯಲು ಬರುತ್ತದೆ. ಬೋರ್ದೊ ವಿಷಯದಲ್ಲಿ, ಒಳ್ಳೆಯದು ದುಬಾರಿ. ಅಗ್ಗದ್ದರಲ್ಲಿ ಹಸಿ ಒಗರು ಮತ್ತು ಓಕ್ ಬಿಟ್ಟರೆ ಹೆಚ್ಚೇನೂ ಸಿಗುವುದಿಲ್ಲ. ಹೆಸರಿಗೆ ದುಡ್ಡು ಕೊಡುವ ಆಸೆ ಇದ್ದವರು ಕೊಡಲಿ.

ಫೊಂತೋದಿ, ಕಿಯಾಂತಿ ಕ್ಲಾಸಿಕೊ

ಆರರಲ್ಲಿ ದುಬಾರಿ ಈ ಕೆಂಪು ವೈನ್, ಆದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಫ್ಲಾರೆನ್ಸ್ ಮತ್ತು ಸಿಯೆನಾ ನಡುವಿನ ಪಾಂತ್ಸಾನೊ ಊರಿನ ಕೆಳಗೆ ಕೊಂಕಾ ದೋರೊ ಎಂಬ ಬಿಸಿಲು ತುಂಬಿದ ಕಣಿವೆಯಲ್ಲಿ ತೋಟ. ನಡೆಸುವ ಮಾನೆತ್ತಿ ಕುಟುಂಬದ ಮೂಲ ಕಸುಬು ಟೆರಾಕೋಟಾ ಹೆಂಚು ಮಾಡುವುದು. ಸಾವಯವ ಬೇಸಾಯ, ಪೂರ್ತಿ ಸಾಂಜೊವೇಸೆ ದ್ರಾಕ್ಷಿ, ಫ್ರೆಂಚ್ ಓಕ್ ಪೀಪಾಯಿ.

ಕೊಳ್ಳುವಾಗ ಎಡವುವುದು ಲೇಬಲ್‌ನಲ್ಲಿ. ‘ಕಿಯಾಂತಿ’ ಬೇರೆ, ‘ಕಿಯಾಂತಿ ಕ್ಲಾಸಿಕೊ’ ಬೇರೆ. ಎರಡಕ್ಕೂ ಪ್ರತ್ಯೇಕ ಗಡಿ, ಪ್ರತ್ಯೇಕ ನಿಯಮ. ಬಾಟಲಿಯ ಮೇಲೆ ಕಪ್ಪು ಹುಂಜದ ಮುದ್ರೆ ಇದ್ದರೆ ಮಾತ್ರ ಕ್ಲಾಸಿಕೊ. ಅದರಲ್ಲಿ ಸಾಂಜೊವೇಸೆ ಶೇ. 80ಕ್ಕೆ ಕಡಿಮೆ ಇರುವಂತಿಲ್ಲ, ಬಿಳಿ ದ್ರಾಕ್ಷಿ ಬೆರೆಸುವುದು 2006ರಿಂದ ನಿಷಿದ್ಧ. ಬರೀ ಕಿಯಾಂತಿಗೆ ಶೇ. 70 ಸಾಕು. ಕ್ಲಾಸಿಕೊದೊಳಗೆ ಮತ್ತೆ ಮೂರು ಮಟ್ಟ: ಸಾಮಾನ್ಯದ್ದು 12 ತಿಂಗಳು ಮಾಗಿದ್ದು, ರಿಸೇರ್ವಾ 24, ಗ್ರಾನ್ ಸೆಲೆತ್ಸಿಯೋನೆ 30. ಊಟಕ್ಕೆ ಸಾಮಾನ್ಯದ್ದೇ ಸರಿ. ಮೇಲೆ ಹೋದಂತೆ ಪೀಪಾಯಿಯ ಛಾಯೆ ಹೆಚ್ಚಿ ತಾಜಾತನ ತಗ್ಗುತ್ತದೆ.

ಈ ಬಾಟಲಿಯ ರುಚಿ ಹುಳಿ ಚೆರ್ರಿಯದ್ದು, ಜೊತೆಗೆ ಒಣಗಿದ ಸೊಪ್ಪು, ಕೊನೆಯಲ್ಲಿ ಹಾಲು ಹಾಕದ ಚಹಾದ ಒಗರು. ಆ ಒಗರು ಮಾಂಸ ಮತ್ತು ಚೀಸಿನ ಪ್ರೋಟೀನಿಗೆ ಅಂಟಿಕೊಂಡು ನಾಲಿಗೆಗೆ ಮೆತ್ತಗಾಗುತ್ತದೆ. ಈ ತೋಟವಿರುವ ತೊಸ್ಕಾನಾ (ಟಸ್ಕನಿ) ಪ್ರಾಂತ್ಯದಲ್ಲಿ ದಪ್ಪ ಗೋಮಾಂಸದ ತುಂಡನ್ನು ಕೆಂಡದ ಮೇಲೆ ಸುಟ್ಟು ಇದರ ಜೊತೆ ಕೊಡುವುದು ಈ ಕಾರಣಕ್ಕೆ. ಸಸ್ಯಾಹಾರಿಗಳ ಮನೆಯಲ್ಲಿ ಬದನೆಕಾಯಿ, ಟೊಮ್ಯಾಟೊ, ಚೀಸ್ ಪದರ ಹಾಕಿ ಬೇಯಿಸಿದ ಪಾರ್ಮಿಜಾನಾ, ಬಿಳಿ ಬೀನ್ಸಿನ ಸೂಪ್, ಮನೆಯ ಪಿಜ್ಜಾ ಎಲ್ಲಕ್ಕೂ ಹೊಂದುತ್ತದೆ. ಮೀನಿನ ಜೊತೆ ಮಾತ್ರ ಬೇಡ. ಕೆಂಪು ವೈನಿನಲ್ಲಿರುವ ಕಬ್ಬಿಣದ ಅಂಶ ಮೀನಿನೆಣ್ಣೆಯ ಜೊತೆ ಸೇರಿದರೆ ಬಾಯಲ್ಲಿ ಹಳಸಿದ ಮೀನಿನ ವಾಸನೆ ಉಳಿಯುತ್ತದೆ.

ಕುಡಿಯುವ ಅರ್ಧ ಗಂಟೆ ಮೊದಲು ಅಗಲ ಬಾಯಿಯ ಜಗ್ಗಿಗೆ ಸುರಿದಿಡಿ. ಗಾಜಿನದ್ದು ಸಾಕು, ದುಬಾರಿ ಡಿಕ್ಯಾಂಟರ್ ಬೇಕಿಲ್ಲ.

ಪಿಯೆರೊಪಾನ್, ಸೊವಾವೆ ಕ್ಲಾಸಿಕೊ

ವೆರೋನಾ ಪಕ್ಕದ ಸೊವಾವೆಗೆ ಒಂದು ಕಾಲದಲ್ಲಿ ನೀರಿನಂಥ ಅಗ್ಗದ ಬಿಳಿ ವೈನ್ ಎಂಬ ಕೆಟ್ಟ ಹೆಸರಿತ್ತು. ಬಯಲಿನ ಫಲವತ್ತಾದ ಮಣ್ಣಿನಲ್ಲಿ ಇಳುವರಿ ಏರಿಸಿ ಮಾಡಿದ ಮಾಲು ಅದು. ‘ಕ್ಲಾಸಿಕೊ’ ಎಂದರೆ ಹಳೆಯ ಗುಡ್ಡದ ತೋಟಗಳದ್ದು. ಗರ್ಗಾನೆಗಾ ದ್ರಾಕ್ಷಿಗೆ ಸ್ವಲ್ಪ ತ್ರೆಬಿಯಾನೊ ದಿ ಸೊವಾವೆ ಸೇರಿಸುತ್ತಾರೆ, ಓಕ್ ಇಲ್ಲ. ಪೇರ್ ಹಣ್ಣು, ನಿಂಬೆ, ನುಂಗಿದ ಮೇಲೆ ಕಹಿ ಬಾದಾಮಿಯ ಸಣ್ಣ ಎಳೆ. ಆ ಕಹಿ ದೋಷವಲ್ಲ, ಈ ದ್ರಾಕ್ಷಿಯ ಗುರುತೇ ಅದು.

ಬಟಾಣಿ ರಿಸೊಟ್ಟೊ, ಬೆಣ್ಣೆಯಲ್ಲಿ ಬಾಡಿಸಿದ ಅಣಬೆ, ಹಬೆಯಲ್ಲಿ ಬೆಂದ ಮೀನು ಇದರ ಜೋಡಿ. ನೀರುದೋಸೆ, ಖಾರ ಕಡಿಮೆಯ ತೆಂಗಿನಕಾಯಿ ಸಾಗು ಇದ್ದ ದಿನವೂ ನಡೆಯುತ್ತದೆ. ಬೆಳ್ಳುಳ್ಳಿ ಒಗ್ಗರಣೆ ಜೋರಾದರೆ ವೈನ್ ಕಾಣೆಯಾಗುತ್ತದೆ. ಇದೇ ಮನೆತನ 1971ರಲ್ಲಿ ಸೊವಾವೆಯ ಮೊದಲ ಒಂಟಿ ತೋಟದ ವೈನ್ ‘ಕಲ್ವರೀನೊ’ ತಂದಿತು. ದುಡ್ಡಿದ್ದರೆ ಅದನ್ನು ಕೊಂಡು ಐದಾರು ವರ್ಷ ಇಡಬಹುದು. ಸಾಮಾನ್ಯ ಸೊವಾವೆಯನ್ನು ಇಡಬೇಡಿ. ಲೇಬಲ್‌ನ ವರ್ಷಕ್ಕೆ ಮೂರು ಸೇರಿಸಿ, ಅಷ್ಟರೊಳಗೆ ಮುಗಿಸಿ.

ಕ್ಲೇತೊ ಕಿಯಾರ್ಲಿ, ಲಂಬ್ರುಸ್ಕೊ ದಿ ಸೊರ್ಬಾರಾ

ಖಾರದ ಊಟದವರಿಗೆ ಇಟಲಿ ಕೊಟ್ಟ ಉಡುಗೊರೆ, ಆದರೂ ಕೊಳ್ಳುವವರು ಕಡಿಮೆ. ಕೆಂಪು ದ್ರಾಕ್ಷಿಯದ್ದೇ ಆದರೂ ಬಣ್ಣ ದಾಳಿಂಬೆ ರಸದಷ್ಟು ತೆಳು. ಗುಳ್ಳೆ ಉಂಟು, ಹುಳಿ ತೀಕ್ಷ್ಣ, ಆಲ್ಕೋಹಾಲ್ ಶೇ. 11ರ ಸುತ್ತ. ಸೊರ್ಬಾರಾ ಬಳ್ಳಿಯ ಹೂವಿಗೆ ತಾನಾಗಿ ಕಾಯಿ ಕಚ್ಚುವ ಶಕ್ತಿ ಇಲ್ಲ. ಪಕ್ಕದಲ್ಲಿ ಸಲಮೀನೊ ಎಂಬ ಇನ್ನೊಂದು ಲಂಬ್ರುಸ್ಕೊ ಬಳ್ಳಿ ಇರಲೇಬೇಕು, ಇಲ್ಲದಿದ್ದರೆ ಗೊಂಚಲು ಬೋಳು.

ಲೇಬಲ್‌ನಲ್ಲಿ ‘ಸೆಕ್ಕೊ’ ಅಥವಾ ‘ಬ್ರೂಟ್’ ಇದ್ದರೆ ಸಿಹಿ ಇಲ್ಲ, ‘ಅಮಾಬಿಲೆ’ ಎಂದರೆ ಮಧ್ಯಮ ಸಿಹಿ, ‘ದೋಲ್ಚೆ’ ಎಂದರೆ ಪೂರ್ತಿ ಸಿಹಿ. ಈ ವೈನಿನ ತವರು ಮೊದೆನಾದಲ್ಲಿ ಹಂದಿಮಾಂಸದ ಪದಾರ್ಥ ಮತ್ತು ಪಾರ್ಮಿಜಾನೊ ಚೀಸಿಗೆ ಒಣದ್ದೇ, ಅಂದರೆ ಸಿಹಿ ಇಲ್ಲದ್ದೇ. ಕೊಡಗಿನ ಪಂದಿ ಕರಿಗೂ ಆರರಲ್ಲಿ ಇದನ್ನೇ ಹೇಳುತ್ತೇವೆ. ಕಾಚಂಪುಳಿಯ ಹುಳಿಗೆ ಎದುರು ನಿಲ್ಲುವ ಹುಳಿ ಇದರಲ್ಲಿದೆ, ಕೊಬ್ಬನ್ನು ಗುಳ್ಳೆ ಕತ್ತರಿಸುತ್ತದೆ. ಎಂಟು-ಹತ್ತು ಡಿಗ್ರಿಯಷ್ಟು ತಣ್ಣಗಿರಲಿ. ಬಿಸಿಯಾದರೆ ನೊರೆ ಉಕ್ಕಿ ಮೇಜೆಲ್ಲ ಕೆಂಪು.

ಟ್ರಿಂಬಾಕ್, ಆಲ್ಸಾಸ್ ರೀಸ್ಲಿಂಗ್

1626ರಿಂದ ವೈನ್ ಮಾಡುತ್ತಿರುವ ಮನೆ, ಊರು ಫ್ರಾನ್ಸಿನ ಆಲ್ಸಾಸ್ ಪ್ರಾಂತ್ಯದ ರಿಬೋವಿಲೆ. ರೀಸ್ಲಿಂಗ್ ಬಿಳಿ ದ್ರಾಕ್ಷಿ. ಆಲ್ಸಾಸ್ ಬಾಟಲಿ ಕೊಳ್ಳುವವರ ಹಳೆಯ ಗೋಳು ಒಂದೇ: ಉದ್ದ ಕತ್ತಿನ ಹಸಿರು ಬಾಟಲಿಯೊಳಗೆ ಸಿಹಿ ಇದೆಯೋ ಇಲ್ಲವೋ ತೆರೆಯುವವರೆಗೂ ಗೊತ್ತಾಗುತ್ತಿರಲಿಲ್ಲ. 2021ರ ಕೊಯ್ಲಿನಿಂದ ಲೇಬಲ್‌ನಲ್ಲಿ ಸಿಹಿಯ ಮಟ್ಟ ಬರೆಯುವುದು ಕಡ್ಡಾಯ: ಸೆಕ್, ದೆಮಿ-ಸೆಕ್, ಮುವಲ್ಲೊ, ದೂ, ಒಂದಕ್ಕಿಂತ ಒಂದು ಸಿಹಿ. ಟ್ರಿಂಬಾಕ್ ಮೊದಲಿಂದಲೂ ಒಣ ಶೈಲಿಗೆ ಹೆಸರಾದವರು. ಹೊಸ ಓಕ್ ಇಲ್ಲ, ಹುಳಿ ತಗ್ಗಿಸುವ ಎರಡನೆಯ ಹುದುಗು ಬರಲು ಬಿಡುವುದಿಲ್ಲ. ಅದಕ್ಕೇ ಹುಳಿ ನೆಟ್ಟಗೆ ನಿಲ್ಲುತ್ತದೆ: ನಿಂಬೆಸಿಪ್ಪೆ, ಹಸಿ ಸೇಬು, ಮಳೆಯಲ್ಲಿ ನೆನೆದ ಕಲ್ಲು.

ಕೆಲವು ವರ್ಷ ಹಳೆಯದಾದ ರೀಸ್ಲಿಂಗ್‌ಗೆ ಸೀಮೆಎಣ್ಣೆಯಂಥ ವಾಸನೆ ಬರುತ್ತದೆ. ಕೆಟ್ಟಿದೆ ಎಂದು ಚೆಲ್ಲಬೇಡಿ, ಈ ದ್ರಾಕ್ಷಿಯ ಜಾಯಮಾನ ಅದು. ರವೆ ಹಚ್ಚಿ ಕರಿದ ಅಂಜಲ್, ಶುಂಠಿ-ನಿಂಬೆ ಬಿದ್ದ ಸಿಗಡಿ, ಹಂದಿಮಾಂಸ ಹಾಕಿ ಬೇಯಿಸಿದ ಆಲ್ಸಾಸಿನ ಹುಳಿ ಕೋಸು, ಎಲ್ಲದಕ್ಕೂ ಇದು ಸೈ. ಖಾರ ತೀರಾ ಜೋರಾದರೆ ಒಣ ರೀಸ್ಲಿಂಗ್ ಕೂಡ ಕೈ ಕೊಡುತ್ತದೆ. ಆಗ ಬೇಕಾದ್ದು ಸ್ವಲ್ಪ ಸಿಹಿ. ಲುವಾರ್ ಕಣಿವೆಯ ವೂವ್ರೆ ದೆಮಿ-ಸೆಕ್ ಹುಡುಕಿ; ಶೆನಿನ್ ದ್ರಾಕ್ಷಿಯ ಹುಳಿ ಆ ಸಿಹಿಯನ್ನು ಜಿಗುಟಾಗಲು ಬಿಡುವುದಿಲ್ಲ.

ಗಿಗಾಲ್, ಕೋತ್ ದ್ಯು ರೋನ್ ಕೆಂಪು

ಫ್ರಾನ್ಸಿನ ರೋನ್ ಕಣಿವೆಯ ದಕ್ಷಿಣ ಭಾಗದ ಕೆಂಪು ಎಂದರೆ ಸಾಮಾನ್ಯವಾಗಿ ಗ್ರೆನಾಶ್ ದ್ರಾಕ್ಷಿ ಮುಂದೆ. ಇದರಲ್ಲಿ ಸಿರಾ ದ್ರಾಕ್ಷಿಯ ಪಾಲು ದೊಡ್ಡದು. ಸಿರಾಗೆ ಕಾಳುಮೆಣಸಿನ ವಾಸನೆ ಕೊಡುವ ರೊಟಂಡೋನ್ ಎಂಬ ಸಂಯುಕ್ತ ನಿಜವಾದ ಕಾಳುಮೆಣಸಿನಲ್ಲೂ ಇದೆ, ಹಾಗಾಗಿ ಮೆಣಸು ಹಾಕಿ ನಿಧಾನ ಬೇಯಿಸಿದ ಕುರಿಮಾಂಸಕ್ಕೆ ಚೆನ್ನಾಗಿ ಹೊಂದುತ್ತದೆ. ಆಲ್ಕೋಹಾಲ್ ಶೇ. 14ರ ಮೇಲೆ ಎಂಬುದು ನೆನಪಿರಲಿ. ಒಣಮೆಣಸಿನ ಖಾರದ ಜೊತೆ ಆಲ್ಕೋಹಾಲ್ ಉರಿಯನ್ನು ಇಮ್ಮಡಿ ಮಾಡುತ್ತದೆ, ಒಗರು ಅದನ್ನು ಇನ್ನಷ್ಟು ಕೆರಳಿಸುತ್ತದೆ. ನಾಟಿಕೋಳಿ ಸಾರು, ಮುದ್ದೆಯ ದಿನ ಇದನ್ನು ಮುಟ್ಟಬೇಡಿ. ಆರರಲ್ಲಿ ಹುಳಿ ಕಡಿಮೆಯಿರುವುದು ಇದೇ, ಅಂಚಿನಲ್ಲಿ ಪಾಸಾಯಿತು. ಚಳಿಗಾಲದ ಬಾಟಲಿ.

ಲೂಯಿ ಜಾಡೊ, ಬೋಜೊಲೆ-ವಿಲಾಜ್

ಯಾರಿಗೆ ಏನು ಇಷ್ಟ ಎಂದು ಗೊತ್ತಿಲ್ಲದ ನೆಂಟರ ಊಟಕ್ಕೆ ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದಾದ ಬಾಟಲಿ. ಗಮೆ ಎಂಬ ಕೆಂಪು ದ್ರಾಕ್ಷಿ, ಒಗರು ಅತ್ಯಲ್ಪ, ರಾಸ್ಪ್‌ಬೆರಿಯ ಹುಳಿ. ಹುರಿದ ಕೋಳಿ, ಆಮ್ಲೆಟ್, ಪನೀರ್ ಟಿಕ್ಕಾ ಯಾವುದಕ್ಕೂ ತಕರಾರಿಲ್ಲ. ಸ್ವಲ್ಪ ಹೆಚ್ಚು ಕೊಟ್ಟರೆ ಬೋಜೊಲೆಯ ಹತ್ತು ಕ್ರುಗಳ (ಮೇಲ್ದರ್ಜೆಯ ಪ್ರದೇಶಗಳ) ವೈನ್ ಸಿಗುತ್ತದೆ: ಫ್ಲ್ಯೂರಿ ನಯ, ಮೊರ್ಗೊ ಗಟ್ಟಿ. ಅವುಗಳ ಲೇಬಲ್‌ನಲ್ಲಿ ‘ಬೋಜೊಲೆ’ ಎಂಬ ಮಾತು ಇಲ್ಲದೆಯೂ ಇರಬಹುದು, ಕ್ರುವಿನ ಹೆಸರೇ ಹೆಸರು.

ತಾಪಮಾನ ತಪ್ಪಿದರೆ

ಮನೆಯಲ್ಲಿ ಕುಡಿದ ವೈನ್ ಚೆನ್ನಾಗಿರಲಿಲ್ಲ ಎಂಬ ದೂರುಗಳಲ್ಲಿ ಬಹುಪಾಲು ಬಾಟಲಿಯದ್ದಲ್ಲ, ತಾಪಮಾನದ್ದು. ಕೆಂಪು ವೈನನ್ನು ಕೋಣೆಯ ತಾಪಮಾನದಲ್ಲಿ ಕೊಡಬೇಕೆಂಬ ಮಾತು ಹುಟ್ಟಿದ್ದು ಯುರೋಪಿನ ತಣ್ಣನೆಯ ಮನೆಗಳಲ್ಲಿ. ಅದರರ್ಥ 16-18 ಡಿಗ್ರಿ. ಏಪ್ರಿಲ್‌ನ ಬೆಂಗಳೂರಿನ ಅಡುಗೆಮನೆ 30 ಡಿಗ್ರಿ ಇರುತ್ತದೆ, ಮಂಗಳೂರಿನದು ಕೇಳುವುದೇ ಬೇಡ. ಆ ಬಿಸಿಗೆ ಆಲ್ಕೋಹಾಲ್ ಮೂಗಿಗೆ ಮೊದಲು ಹೊಡೆಯುತ್ತದೆ, ಹಣ್ಣಿನ ವಾಸನೆ ಅದರಡಿ ಮುಚ್ಚಿಹೋಗುತ್ತದೆ.

ಫೊಂತೋದಿ ಮತ್ತು ಗಿಗಾಲ್ ಒಂದು ಗಂಟೆಗೂ ಹೆಚ್ಚು ಫ್ರಿಜ್‌ನಲ್ಲಿರಲಿ. ಬೋಜೊಲೆ ಇನ್ನೂ ತಣ್ಣಗೆ, 13 ಡಿಗ್ರಿ ಸುಮಾರು, ಎರಡು ಗಂಟೆಗೂ ಹೆಚ್ಚು ಬೇಕು. ಬಿಳಿ ಮತ್ತು ಲಂಬ್ರುಸ್ಕೊ ಮೂರು ಗಂಟೆಗೂ ಹೆಚ್ಚು. ಬಿಳಿಯದನ್ನು ಊಟಕ್ಕೆ ಹತ್ತು ನಿಮಿಷ ಮುಂಚೆ ಹೊರಗಿಡಿ. ಫ್ರಿಜ್‌ನ ನಾಲ್ಕೈದು ಡಿಗ್ರಿಯಲ್ಲಿ ವಾಸನೆಯೇ ಏಳುವುದಿಲ್ಲ. ಸಮಯವಿಲ್ಲವೇ? ಬಕೆಟ್ಟಿಗೆ ಅರ್ಧ ಐಸ್, ಅರ್ಧ ನೀರು, ಒಂದು ಹಿಡಿ ಕಲ್ಲುಪ್ಪು ಹಾಕಿ ಬಾಟಲಿಯನ್ನು ಕತ್ತಿನವರೆಗೆ ಮುಳುಗಿಸಿ, ಕಾಲು ಗಂಟೆ ಸಾಕು. ಬರೀ ಐಸ್ ಹಾಕಿದರೆ ತುಂಡುಗಳ ನಡುವೆ ಗಾಳಿ ಉಳಿದು ತಣ್ಣಗಾಗುವುದು ತಡ. ಫ್ರೀಜರಿನಲ್ಲಿಟ್ಟು ಮರೆತರೆ ಬಿರಡೆ ಹಾರುತ್ತದೆ ಅಥವಾ ಬಾಟಲಿ ಒಡೆಯುತ್ತದೆ.

ಒಂದು 750 ಮಿ.ಲೀ. ಬಾಟಲಿಯಲ್ಲಿ 150 ಮಿ.ಲೀ.ನ ಐದು ಗ್ಲಾಸ್. ಗ್ಲಾಸಿನ ಮೂರನೇ ಒಂದು ಭಾಗ ಮಾತ್ರ ತುಂಬಿಸಿ, ಇಲ್ಲದಿದ್ದರೆ ತಿರುಗಿಸಲು ಜಾಗವಿರುವುದಿಲ್ಲ.

ಅಂಗಡಿಯಲ್ಲಿ, ತೆರೆದ ಮೇಲೆ

ನಮ್ಮಲ್ಲಿ ಆಮದು ವೈನಿಗೆ ಸುಂಕ ಸೇರಿ ಬೆಲೆ ಯುರೋಪಿನ ಹಲವು ಪಟ್ಟು ಆಗುತ್ತದೆ, ಹಾಗಾಗಿ ಕೆಟ್ಟ ಬಾಟಲಿ ಮನೆಗೆ ತರುವುದು ನಷ್ಟವೇ. ಬೀದಿಗೆ ಮುಖ ಮಾಡಿ ಬಿಸಿಲು ಬೀಳುವ ಕಪಾಟಿನದು ಬೇಡ. ಬಿರಡೆ ಬಾಟಲಿಯ ಬಾಯಿಗಿಂತ ಉಬ್ಬಿದ್ದರೆ ಅಥವಾ ಮೇಲಿನ ಹೊದಿಕೆಯ ಕೆಳಗೆ ಅಂಟಂಟು ಕಲೆ ಇದ್ದರೆ ಅದು ಎಲ್ಲೋ ಕಾದಿದೆ ಎಂದರ್ಥ. ತೆರೆದರೆ ಬೇಯಿಸಿದ ಜಾಮಿನ ವಾಸನೆ.

ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯ ಸೋಂಕು. ಎಷ್ಟು ಹೊತ್ತು ಬಿಟ್ಟರೂ ಹೋಗದು, ವಾಪಸ್ ಕೊಡುವುದೊಂದೇ ದಾರಿ. ಗೀರಿದ ಬೆಂಕಿಕಡ್ಡಿ ಅಥವಾ ಬೆಂದ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ಜಗ್ಗಿಗೆ ಸುರಿದು ಹತ್ತು ನಿಮಿಷ ಬಿಟ್ಟರೆ ಸಾಮಾನ್ಯವಾಗಿ ಹೋಗುತ್ತದೆ. ಬಿಳಿ ವೈನಿನ ತಳದಲ್ಲಿ ಸಕ್ಕರೆ ಹರಳಿನಂಥದ್ದು ಕಂಡರೆ ಅದು ಗಾಜಿನ ಚೂರಲ್ಲ, ದ್ರಾಕ್ಷಿಯದೇ ಟಾರ್ಟ್ರೇಟ್, ಹಾನಿಯಿಲ್ಲ.

ಉಳಿದದ್ದಕ್ಕೆ ಬಿರಡೆ ಹಾಕಿ ಫ್ರಿಜ್‌ನಲ್ಲಿಡಿ, ಕೆಂಪನ್ನೂ. ಬಿಳಿ, ಕೆಂಪು ಮೂರು ದಿನ ತಡೆಯುತ್ತವೆ. ಲಂಬ್ರುಸ್ಕೊಗೆ ಕ್ಲಿಪ್ ಇರುವ ಮುಚ್ಚಳ ಬೇಕು, ಆದರೂ ಮಾರನೆಯ ದಿನಕ್ಕೆ ಮುಗಿಸಿ.

ಶುದ್ಧ ಸಸ್ಯಾಹಾರಿಗಳು ಒಂದು ವಿಷಯ ಗಮನಿಸಬೇಕು. ವೈನನ್ನು ತಿಳಿಗೊಳಿಸಲು ಮೊಟ್ಟೆಯ ಬಿಳಿ, ಹಾಲಿನ ಕೇಸಿನ್, ಜೆಲಟಿನ್, ಮೀನಿನ ಅಂಟು ಬಳಸುವ ರೂಢಿ ಇದೆ. ಬೆಂಟೊನೈಟ್ ಎಂಬ ಜೇಡಿಮಣ್ಣಿನಿಂದಲೂ ಮಾಡುತ್ತಾರೆ. ಮೊಟ್ಟೆ, ಹಾಲಿನ ಅಂಶ ಉಳಿದಿದ್ದರೆ ಯುರೋಪಿನ ನಿಯಮದಂತೆ ಲೇಬಲ್‌ನಲ್ಲಿ ಹೇಳಲೇಬೇಕು, ಮೀನಿನ ಅಂಟಿಗೆ ಆ ಕಟ್ಟುಪಾಡಿಲ್ಲ. ಹೀಗಾಗಿ ಲೇಬಲ್ ಮೌನವಾಗಿದ್ದರೆ ಸಸ್ಯಾಹಾರಿ ಎಂದುಕೊಳ್ಳುವಂತಿಲ್ಲ, ‘ವೀಗನ್’ ಗುರುತು ನೋಡಿ. 2023ರ ಡಿಸೆಂಬರ್ 8ರ ನಂತರ ತಯಾರಾಗಿ ಯುರೋಪಿನಲ್ಲಿ ಮಾರುವ ಬಾಟಲಿಗಳಲ್ಲಿ ಪದಾರ್ಥಗಳ ಪಟ್ಟಿ ಕಡ್ಡಾಯ, ಹೆಚ್ಚಾಗಿ ಕ್ಯುಆರ್ ಕೋಡ್ ಮೂಲಕ. ಮೊಬೈಲಿನಿಂದ ಸ್ಕ್ಯಾನ್ ಮಾಡಿದರೆ 100 ಮಿ.ಲೀ.ಗೆ ಸಕ್ಕರೆ ಎಷ್ಟು ಎಂಬುದೂ ಸಿಗುತ್ತದೆ. ಅಂಗಡಿಯವರು ‘ಡ್ರೈ ಸಾರ್, ಡ್ರೈ’ ಎಂದು ಕೊಡುವ ಬಾಟಲಿಯನ್ನು ಅಲ್ಲೇ ನಿಂತು ಪರೀಕ್ಷಿಸಬಹುದು: ಲೀಟರಿಗೆ 4 ಗ್ರಾಂ ಒಳಗಿದ್ದರೆ, ಅಂದರೆ 100 ಮಿ.ಲೀ.ಗೆ 0.4ರೊಳಗೆ, ಅವರ ಮಾತು ನಿಜ.