ನೀನಾಸಂ ತಿರುಗಾಟ: ಊರಿಗೆ ನಾಟಕ ಕರೆಸುವವರು ತಿಳಿದಿರಬೇಕಾದದ್ದು

ಹೋಬಳಿ ಮಟ್ಟದ ಊರಿಗೂ ಒಳ್ಳೆಯ ನಾಟಕ ತರಬೇಕೆನ್ನುವವರು ಮೊದಲು ವಿಚಾರಿಸಬೇಕಾದದ್ದು ನೀನಾಸಂ ತಿರುಗಾಟವನ್ನೇ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀಲಕಂಠೇಶ್ವರ ನಾಟ್ಯಸೇವಾ ಸಂಘ, ಅಂದರೆ ನೀನಾಸಂ, 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ಊರೂರಿಗೆ ನಾಟಕ ಒಯ್ಯುವ ತಿರುಗಾಟ ತಂಡವನ್ನು ಹೊರಡಿಸಿತು. ಸಂಸ್ಥೆಯನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಷ್ಟು ದೀರ್ಘಕಾಲ ಒಂದು ರೆಪರ್ಟರಿ (ನಾಟಕಗಳನ್ನು ಸಿದ್ಧಪಡಿಸಿ ಮತ್ತೆ ಮತ್ತೆ ಆಡುವ ತಂಡ) ಊರೂರು ಅಲೆಯುತ್ತ ಉಳಿದದ್ದು ಸಣ್ಣ ಮಾತಲ್ಲ.

ಮಳೆಗಾಲದಲ್ಲಿ ತಾಲೀಮು, ಮಳೆ ಹಿಂದಾದ ಮೇಲೆ ಸಂಚಾರ. ರಂಗಸಜ್ಜಿಕೆ, ವೇಷಭೂಷಣ, ಬೆಳಕಿನ ಸಲಕರಣೆ ತಂಡದ ಜತೆಗೇ ಬರುತ್ತವೆ. ವೇದಿಕೆ, ಕರೆಂಟು, ಊಟ, ವಸತಿ, ಸಂಭಾವನೆ, ಪ್ರೇಕ್ಷಕರು ಊರಿನವರ ಪಾಲು. ಹಣ ಕೊಟ್ಟು ಕೈಕಟ್ಟಿ ಕೂರುವವರಿಗೆ ಈ ಏರ್ಪಾಡು ಹಿಡಿಸಲಿಕ್ಕಿಲ್ಲ. ಆದರೆ ಇದರ ದೊಡ್ಡ ಗುಣವೇ ಅದು. ಒಂದು ನಾಟಕಕ್ಕಾಗಿ ವರ್ಷವಿಡೀ ಒಟ್ಟಿಗೆ ಕೂರದವರೂ ಒಂದೆರಡು ವಾರ ಒಂದೇ ಕೆಲಸಕ್ಕೆ ಹೆಗಲು ಕೊಡಬೇಕಾಗುತ್ತದೆ.

ದಿನಾಂಕ ಗೊತ್ತುಮಾಡುವಾಗಲೇ ಅರ್ಧ ಗೆಲುವು ಅಥವಾ ಸೋಲು ನಿರ್ಧಾರವಾಗುತ್ತದೆ. ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಬಿರುಸಾಗಿರುವ ವಾರ ನಾಟಕ ಇಟ್ಟರೆ ಸಂಜೆ ಹೊತ್ತು ಸುಲಿಯುವ ಮನೆಗಳಿಂದ ಒಬ್ಬರೂ ಏಳುವುದಿಲ್ಲ. ಭತ್ತದ ಸೀಮೆಯಲ್ಲಿ ಒಕ್ಕಲು, ಎಲ್ಲ ಕಡೆ ಪರೀಕ್ಷೆ, ಪಕ್ಕದೂರಿನ ಬಯಲಾಟ, ದೇವಸ್ಥಾನದ ಉತ್ಸವ, ಇವನ್ನೆಲ್ಲ ನೋಡಿಕೊಂಡೇ ದಿನ ಹೇಳಿ. ಡಿಸೆಂಬರ್–ಜನವರಿಯಲ್ಲಿ ಬಯಲು ರಂಗವಾದರೆ ಏಳರ ಹೊತ್ತಿಗೆ ಶುರುಮಾಡುವುದು ಕ್ಷೇಮ. ಒಂಬತ್ತರ ನಂತರ ಇಬ್ಬನಿ ಇಳಿದು ಜಮಖಾನ ತಣ್ಣಗಾಗುತ್ತದೆ, ಮಕ್ಕಳ ಕೈಹಿಡಿದು ತಾಯಂದಿರು ಎದ್ದುಬಿಡುತ್ತಾರೆ.

ವೇದಿಕೆಯ ಅಳತೆಯನ್ನು ತಂಡದಿಂದಲೇ ಕೇಳಿ ತಿಳಿಯಿರಿ. ಪ್ರತಿ ವರ್ಷದ ನಾಟಕದ ಸಜ್ಜಿಕೆ ಬೇರೆ. ಸಾಮಾನ್ಯ ಲೆಕ್ಕಕ್ಕೆ 30 ಅಡಿ ಅಗಲ, 24 ಅಡಿ ಆಳ ಇದ್ದರೆ ಹೆಚ್ಚಿನ ನಾಟಕಗಳಿಗೆ ತೊಂದರೆಯಿಲ್ಲ. ಎರಡು ಬದಿಗೂ ನಟರು ಮರೆಯಾಗಿ ನಿಲ್ಲಲು ಆರೆಂಟು ಅಡಿ ಬೇಕೇ ಬೇಕು, ಇದನ್ನು ಮರೆಯುವವರೇ ಬಹಳ. ಎತ್ತರ ಮೂರು ಅಡಿ ಸಾಕು. ಮದುವೆ ಪೆಂಡಾಲಿನವರು ರೂಢಿಯಂತೆ ಐದಡಿ ಎತ್ತರಿಸಿಬಿಡುತ್ತಾರೆ, ಆಗ ನೆಲದ ಮೇಲೆ ಮುಂದೆ ಕೂತವರಿಗೆ ನಟರ ಕಾಲೇ ಕಾಣುವುದಿಲ್ಲ. ಹಲಗೆಗಳನ್ನು ಒಂದಕ್ಕೊಂದು ಬಿಗಿದು, ಮೇಲೆದ್ದ ಮೊಳೆಗಳನ್ನು ಹೊಡೆದು ಕೂರಿಸಿ. ನಟರು ಬರಿಗಾಲಲ್ಲಿ ಓಡಾಡುತ್ತಾರೆ. ಇಬ್ಬರು ಜಿಗಿದರೆ ಅಲುಗದಷ್ಟು ತೊಲೆ ಕೆಳಗಿರಲಿ.

ಕರೆಂಟಿನ ವಿಷಯದಲ್ಲಿ ಮಾತ್ರ ಉಡಾಫೆ ಬೇಡ. ಸಾವಿರ ವ್ಯಾಟಿನ ಒಂದು ಹ್ಯಾಲೊಜನ್ ಲೈಟು 230 ವೋಲ್ಟಿನಲ್ಲಿ 4 ಆಂಪಿಯರ್‌ಗಿಂತ ತುಸು ಹೆಚ್ಚು ಎಳೆಯುತ್ತದೆ. ಶಾಲೆಯ 15 ಆಂಪಿಯರ್ ಸಾಕೆಟ್ಟಿಗೆ ಅಂಥ ಮೂರೇ ಲೈಟು ಮಿತಿ. ಹನ್ನೆರಡು ಲೈಟು ಒಟ್ಟಿಗೆ ಉರಿದರೆ 12 ಕಿಲೊವ್ಯಾಟ್, ಮೂರು ಫೇಸಿಗೆ ಹಂಚಿದರೂ ಒಂದೊಂದಕ್ಕೆ 17–18 ಆಂಪಿಯರ್. ಆದ್ದರಿಂದ ತ್ರೀ ಫೇಸ್ ತಾತ್ಕಾಲಿಕ ಸಂಪರ್ಕಕ್ಕೆ ವಿದ್ಯುತ್ ಕಚೇರಿಗೆ ಮುಂಚೆಯೇ ಅರ್ಜಿ ಹಾಕಿ, ಇಲ್ಲವೇ 25 ಕೆವಿಎ ಜನರೇಟರ್ ಹೇಳಿ. ಜನರೇಟರನ್ನು ಪ್ರೇಕ್ಷಕರಿಂದ ನೂರು ಅಡಿಯಾಚೆ, ಸಾಧ್ಯವಾದರೆ ಕಟ್ಟಡದ ಮರೆಗೆ ನಿಲ್ಲಿಸಿ. ಎಲ್ಲಕ್ಕಿಂತ ಅಪಾಯ ಸಡಿಲ ನ್ಯೂಟ್ರಲ್, ಅಂದರೆ ಮೂರು ಫೇಸಿಗೂ ಸೇರಿದ ವಾಪಸು ತಂತಿ. ಅದು ಕಳಚಿದರೆ ಕಡಿಮೆ ಲೋಡಿರುವ ಫೇಸಿನಲ್ಲಿ ವೋಲ್ಟೇಜ್ 300 ದಾಟಬಹುದು, ಬಲ್ಬು, ಬೆಳಕು ಏರಿಳಿಸುವ ಡಿಮ್ಮರ್ ಎರಡೂ ಸುಡುತ್ತವೆ. ಮಧ್ಯಾಹ್ನವೇ ಪರಿಣತ ಎಲೆಕ್ಟ್ರೀಷಿಯನ್ ಒಬ್ಬರು ನ್ಯೂಟ್ರಲ್, ಅರ್ಥಿಂಗ್ ನೋಡಲಿ, ನಾಟಕ ಮುಗಿಯುವವರೆಗೆ ಅವರು ಅಲ್ಲೇ ಇರಲಿ. ರಂಗಕ್ಕೆ ಬೀಳುವ ಬೀದಿದೀಪವನ್ನು ಆ ಎರಡು ಗಂಟೆ ಆರಿಸಿಕೊಡುವಂತೆ ಪಂಚಾಯಿತಿಗೆ ಹೇಳಿಡಿ. ಬಯಲಿನಲ್ಲಿ ಕತ್ತಲಾಗತೊಡಗಿದ ಮೇಲಷ್ಟೇ ಲೈಟುಗಳನ್ನು ಗುರಿಯಿಟ್ಟು ಹೊಂದಿಸಲು ಸಾಧ್ಯ. ಆ ಮುಕ್ಕಾಲು ಗಂಟೆ ರಂಗದ ಮೇಲೆ ಯಾರೂ ಹತ್ತಿ ಫೋಟೊ ತೆಗೆಸಿಕೊಳ್ಳಬಾರದು.

ನಾಟಕವನ್ನು ಹಾಳುಮಾಡುವುದು ಬಹಳ ಸಲ ಮಳೆಯೂ ಅಲ್ಲ, ಕರೆಂಟೂ ಅಲ್ಲ, ಸಭಾ ಕಾರ್ಯಕ್ರಮ. ಸ್ವಾಗತ, ಪ್ರಾರ್ಥನೆ, ದೀಪ, ನಾಲ್ಕು ಭಾಷಣ, ಹತ್ತು ಜನಕ್ಕೆ ಶಾಲು, ವಂದನಾರ್ಪಣೆ ಮುಗಿಯುವ ಹೊತ್ತಿಗೆ ಎಂಟೂವರೆ. ಬಣ್ಣ ಹಚ್ಚಿ ಎರಡು ಗಂಟೆ ಕಾದ ನಟರ ಹುರುಪು ಇಳಿದಿರುತ್ತದೆ, ದೂರದ ಹಳ್ಳಿಯವರ ಕೊನೆಯ ಬಸ್ಸು ಹೋಗಿರುತ್ತದೆ. ಹತ್ತು ನಿಮಿಷಕ್ಕೆ ಮುಗಿಸಿ. ದಾನಿಗಳ ಹೆಸರನ್ನು ಗೇಟಿನ ಬಳಿ ದೊಡ್ಡದಾಗಿ ಬರೆದು ಹಾಕಿದರೆ ಯಾರ ಗೌರವಕ್ಕೂ ಕುಂದಿಲ್ಲ. ಗಣ್ಯರ ಸೋಫಾ ಮುಂದಿನ ಸಾಲಿಗೆ ಬೇಡ, ಅಲ್ಲಿ ಜಮಖಾನ ಹಾಸಿ ಮಕ್ಕಳನ್ನು ಕೂರಿಸಿ, ಕುರ್ಚಿಗಳು ಅವರ ಹಿಂದಿರಲಿ.

ಖರ್ಚನ್ನು ಒಬ್ಬ ಶ್ರೀಮಂತರ ತಲೆಗೆ ಕಟ್ಟುವುದು ಸುಲಭ, ಆದರೆ ಆಗ ಅದು ಅವರ ನಾಟಕವಾಗುತ್ತದೆ. ಐವತ್ತು ರೂಪಾಯಿಯ ಟಿಕೆಟ್ಟನ್ನು ಮನೆಮನೆಗೆ ಹೋಗಿ ಮುನ್ನೂರು ಜನಕ್ಕೆ ಮಾರಿದರೆ ಕೈಗೆ ಬರುವುದು 15,000. ಅದರಲ್ಲಿ ಎಲ್ಲ ಖರ್ಚೂ ಹುಟ್ಟುವುದಿಲ್ಲ, ಉಳಿದದ್ದಕ್ಕೆ ಸೊಸೈಟಿ, ಅಂಗಡಿ, ಸಂಘಗಳ ದೇಣಿಗೆ ಬೇಕು. ಆದರೂ ಕಾಸು ಕೊಟ್ಟವರು ತಪ್ಪದೆ ಬರುತ್ತಾರೆ, ಬಂದವರು ಗಮನವಿಟ್ಟು ನೋಡುತ್ತಾರೆ. ಉಚಿತ ಪ್ರವೇಶವಿದ್ದಲ್ಲಿ ಅರ್ಧದಲ್ಲಿ ಎದ್ದು ಹೋಗುವವರ ಸದ್ದೇ ಹೆಚ್ಚು. ಊಟವನ್ನು ಹೋಟೆಲಿಗೆ ವಹಿಸದೆ ನಾಲ್ಕೈದು ಮನೆಗಳಿಗೆ ಹಂಚುವುದು ಒಳ್ಳೆಯದು. ಚಾಲಕರನ್ನೂ ಸೇರಿಸಿ ಇಪ್ಪತ್ತರ ಆಸುಪಾಸು ಲೆಕ್ಕವಿಟ್ಟುಕೊಂಡು, ಸರಿಯಾದ ಸಂಖ್ಯೆಯನ್ನು ತಂಡದಿಂದ ಕೇಳಿ. ನಾಟಕಕ್ಕೆ ಮೊದಲು ಹಗುರ ತಿಂಡಿ ಸಾಕು, ಊಟ ಬಣ್ಣ ತೆಗೆದ ಮೇಲೆ.

ಇನ್ನು ನಾಟಕಗಳ ವಿಷಯ. ಮಾತಿನ ಸ್ಪಷ್ಟತೆ, ಗುಂಪಿನ ಚಲನೆ, ಹಾಡು ಈ ತಂಡದ ಬಲ. ನಟರು ಹೆಚ್ಚಿನವರು ರಂಗಶಿಕ್ಷಣ ಮುಗಿಸಿದ ಯುವಕ ಯುವತಿಯರು, ತಂಡವೂ ಬದಲಾಗುತ್ತಿರುತ್ತದೆ, ಹಾಗಾಗಿ ಎಲ್ಲ ವರ್ಷವೂ ಒಂದೇ ಮಟ್ಟ ನಿರೀಕ್ಷಿಸಬಾರದು. ಸಂಚಾರದ ಆರಂಭದಲ್ಲಿ ಕೆಲವು ದೃಶ್ಯಗಳು ಇನ್ನೂ ಬಿಗಿಯಾಗಿರುವುದಿಲ್ಲ, ಕೊನೆಗೆ ನಾಟಕ ಹದವಾಗಿರುತ್ತದೆ ಆದರೆ ಗಂಟಲು ದಣಿದಿರುತ್ತದೆ. ನಡುವಿನ ದಿನ ಸಿಕ್ಕರೆ ಬಿಡಬೇಡಿ. ಕೆಲವು ನಾಟಕಗಳಲ್ಲಿ ಮಾತು ದಟ್ಟ, ಕಂಪನಿ ನಾಟಕದ ಹಾಸ್ಯ ಬಯಸಿ ಬಂದವರಿಗೆ ಮೊದಲ ಅರ್ಧ ಗಂಟೆ ಕಷ್ಟ. ಇದಕ್ಕೆ ಮದ್ದಿದೆ: ವಾರದ ಮೊದಲೇ ಹೈಸ್ಕೂಲಿನಲ್ಲಿ, ಮಹಿಳಾ ಸಂಘದಲ್ಲಿ ಕಥೆಯ ಎಳೆ ಹೇಳಿಡುವುದು. ಎರಡು ನಾಟಕ ಸಿಗುವುದಾದರೆ ಹಗುರವಾದದ್ದನ್ನು ಮೊದಲ ದಿನ ಇಡಿ. ಅದರ ಸುದ್ದಿ ಹಬ್ಬಿ ಎರಡನೆಯ ದಿನಕ್ಕೂ ಜನ ಬರುತ್ತಾರೆ.

ಮರುದಿನ ಬೆಳಗ್ಗೆ ತಂಡಕ್ಕೆ ಬಿಡುವಿದ್ದರೆ ನಟರ ಜತೆ ಒಂದು ಗಂಟೆಯ ಮಾತುಕತೆ ಇಟ್ಟುಕೊಳ್ಳಿ. ಶಾಲೆಯ ಜಗಲಿಯೇ ಸಾಕು. ಮೈಕ್ ಬೇಡ, ಅಧ್ಯಕ್ಷತೆ ಬೇಡ. ಅರ್ಥವಾಗದ ದೃಶ್ಯದ ಬಗ್ಗೆ ಮಕ್ಕಳೇ ಮೊದಲು ಕೇಳಲಿ, ದೊಡ್ಡವರು ಆಮೇಲೆ ಬಾಯಿ ಬಿಡುತ್ತಾರೆ. ಲೆಕ್ಕಪತ್ರವನ್ನು ಒಂದು ವಾರದೊಳಗೆ ಪಂಚಾಯಿತಿ ಬೋರ್ಡಿನಲ್ಲಿ ಹಚ್ಚಿ. ಉಳಿದ ಹಣ ಇದ್ದರೆ ಅದರಲ್ಲಿ ಕಪ್ಪು ಪರದೆ ಕೊಂಡು ಶಾಲೆಯಲ್ಲಿಡಿ, ಮುಂದಿನ ಸಲ ಬಾಡಿಗೆ ಉಳಿಯುತ್ತದೆ, ವಾರ್ಷಿಕೋತ್ಸವಕ್ಕೂ ಆಗುತ್ತದೆ.